ಬಿಸಿಯೂಟಕ್ಕೆ ಇನ್ನಷ್ಟು ತರಕಾರಿ, ದಿನಕ್ಕೊಂದು ಆಟದ ಪೀರಿಯಡ್: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ರೈತ ಕುಟುಂಬದವಳು. ನನ್ನ ಇಬ್ಬರು ಮಕ್ಕಳೂ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಓದುತ್ತಿದ್ದಾರೆ. ಅಲ್ಲಿನ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ನಾನೂ ಒಬ್ಬ ಸದಸ್ಯೆ. ಹಾಗಾಗಿ ಬಿಸಿಯೂಟದ ಅಡುಗೆಮನೆಗೆ ಹೋಗಿಬರುವುದು, ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುವುದು ನನಗೆ ರೂಢಿ. ತಮ್ಮಲ್ಲಿ ಕೇಳುವುದು ಇಷ್ಟೇ. ಮಕ್ಕಳ ತಟ್ಟೆಗೆ ಇನ್ನಷ್ಟು ತರಕಾರಿ, ಸೊಪ್ಪು, ಹಣ್ಣು ಬೀಳುವ ಹಾಗೆ ಮಾಡಿ. ದಿನಕ್ಕೊಂದು ಪೀರಿಯಡ್ಡಾದರೂ ಅವರು ಮೈದಾನದಲ್ಲಿ ಬೆವರು ಬರುವ ಹಾಗೆ ಆಡಲಿ. ಎರಡೂ ತಮ್ಮ ಇಲಾಖೆಯ ಕೈಯಲ್ಲೇ ಇರುವ ಕೆಲಸ.

2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆ ಪಟ್ಟ ಆತಂಕ ತಮಗೆ ಗೊತ್ತೇ ಇದೆ. ಹೃದಯಾಘಾತದಿಂದ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ ಎಂದು ಟಿವಿಯಲ್ಲಿ ದಿನಾ ಸುದ್ದಿ. ಜನ ಹೆದರಿ ಮೈಸೂರಿನ, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಇಂಥ ಸಾವು ಅಸಹಜವಾಗಿ ಏರಿಲ್ಲ ಎಂದು ಆ ಸಮಿತಿ ಹೇಳಿತು. ಜೊತೆಗೆ, ತೀರಿಕೊಂಡವರಲ್ಲಿ ಹೆಚ್ಚಿನವರಿಗೆ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಸಿಗರೇಟು, ಕುಡಿತ ಇವುಗಳಲ್ಲಿ ಒಂದಲ್ಲ ಒಂದು ಇತ್ತು ಎಂದೂ ಹೇಳಿತು. ಮೊದಲನೇ ಮಾತು ಕೇಳಿ ಜನ ಸಮಾಧಾನ ಮಾಡಿಕೊಂಡರು. ಎರಡನೇ ಮಾತಿನ ಬಗ್ಗೆ ಯಾರೂ ಜಾಸ್ತಿ ಹೊತ್ತು ಮಾತಾಡಲಿಲ್ಲ.

ಆ ತಿಂಗಳು ನಮ್ಮೂರಿನ ರಸ್ತೆಯಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರೋ ಮಾಡುವವರು. ಮಳೆ ಹಿಡಿದ ಮೇಲೆ ಒಬ್ಬೊಬ್ಬರೇ ಬಿಟ್ಟರು. ನಲವತ್ತು ದಾಟಿದವರ ನಾಲಿಗೆ, ಮೈ ಎರಡೂ ಒಂದು ದಾರಿಗೆ ಬಿದ್ದುಬಿಟ್ಟಿರುತ್ತವೆ, ಅಲ್ವಾ? ಬದಲಾಯಿಸಲು ಆಗುವುದೇ ಇಲ್ಲ ಎಂದೇನಿಲ್ಲ, ಬದಲಾಯಿಸುವವರೂ ಇದ್ದಾರೆ, ಆದರೆ ಕಷ್ಟ ಇದೆ. ಆರು ವರ್ಷದ ಮಗುವಿಗೆ ಆ ಕಷ್ಟ ಇಲ್ಲ. ಅದರ ರುಚಿ ಇನ್ನೂ ತಯಾರಾಗುತ್ತಿರುತ್ತದೆ. ಮತ್ತೆ ಆ ಮಗುವಿಗೆ ಶಾಲೆ ನಡೆಯುವ ದಿನವೆಲ್ಲ ಮಧ್ಯಾಹ್ನ ಊಟ ಬಡಿಸುತ್ತಿರುವುದು ತಮ್ಮ ಸರ್ಕಾರವೇ. ಇಷ್ಟು ದೊಡ್ಡ ಅವಕಾಶ ಬೇರೆ ಯಾವ ಇಲಾಖೆಗೂ ಇಲ್ಲ.

ಅಕ್ಷರ ದಾಸೋಹವನ್ನು, ಅಂದರೆ ಈ ಬಿಸಿಯೂಟದ ಯೋಜನೆಯನ್ನು, ನಾನು ಕಡಿಮೆ ಮಾಡಿ ಮಾತಾಡುತ್ತಿಲ್ಲ. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಯೋಜನೆ ಅದು. ಅದರಿಂದ ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು ಎಂಬುದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. 2013ರಲ್ಲಿ ಕ್ಷೀರ ಭಾಗ್ಯದ ಹಾಲು ಬಂತು. ಮೊಟ್ಟೆ ಬಂತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಬಂತು. 2024ರಿಂದ ಅದು ವಾರಕ್ಕೆ ಆರು ದಿನ ಆಯಿತು. ಮಗು ಮೊಟ್ಟೆ ತಿಂದು ಹಾಲು ಕುಡಿದು ಬಂದಿದೆ ಅಂದರೆ ನಮಗೆ ಹೊಲದಲ್ಲಿ ಕೆಲಸ ಮಾಡುವಾಗ ಎಷ್ಟು ನೆಮ್ಮದಿ! ಉಳಿದಿರುವುದು ತರಕಾರಿ. ಅದೊಂದರ ಕಡೆ ಇನ್ನೂ ಇಂಥ ಗಮನ ಬಿದ್ದಿಲ್ಲ.

ಲೆಕ್ಕ ನೋಡಿ. ಬಿಸಿಯೂಟದ ನಿಯಮದ ಪ್ರಕಾರ ಐದನೇ ಕ್ಲಾಸಿನವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟನೇ ಕ್ಲಾಸಿನವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ವಿಶ್ವ ಆರೋಗ್ಯ ಸಂಸ್ಥೆ ಏನು ಹೇಳುತ್ತದೆ? ಆರರಿಂದ ಒಂಬತ್ತು ವರ್ಷದ ಮಗು ದಿನಕ್ಕೆ ಕಡಿಮೆ ಅಂದರೂ 350 ಗ್ರಾಂ ಹಣ್ಣು-ತರಕಾರಿ ತಿನ್ನಬೇಕು, ಹತ್ತು ವರ್ಷ ದಾಟಿದವರು 400 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ದಿನದ ಊಟದಲ್ಲಿ ಅರ್ಧದಷ್ಟು ತರಕಾರಿ, ಹಣ್ಣು ಇರಲಿ ಎನ್ನುತ್ತದೆ. ಅಂದರೆ ಚಿಕ್ಕ ಮಗುವಿಗೆ ಬೇಕಾದುದರಲ್ಲಿ ಏಳನೇ ಒಂದು ಭಾಗ ಬಿಸಿಯೂಟದ ತರಕಾರಿಯಿಂದ ಬರುತ್ತದೆ. ಉಳಿದದ್ದು ಮನೆಯಲ್ಲಿ ಸಿಗಬೇಕು. ಬೆಳಗ್ಗೆ ಚಿತ್ರಾನ್ನ, ರಾತ್ರಿ ಮುದ್ದೆ ಜೊತೆ ತಿಳಿಸಾರು ಆಗುವ ಮನೆಗಳಲ್ಲಿ ಅದು ಸಿಗುತ್ತಿಲ್ಲ. ಕೂಲಿಗೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುವ ತಾಯಿಯನ್ನು ಅದಕ್ಕೆ ಬೈಯುವುದು ನನ್ನಿಂದ ಆಗುವುದಿಲ್ಲ.

ಆ 50 ಗ್ರಾಂ ಕೂಡ ಏನು ಅಂತ ನೋಡಬೇಕು. ನಮ್ಮದು ಆಲೂಗಡ್ಡೆ ಬೆಳೆಯುವ ಜಿಲ್ಲೆ. ಸಾರಿಗೆ ಆಲೂಗಡ್ಡೆ ಹಾಕುವುದು ಸುಲಭ, ಅಗ್ಗ, ಮಕ್ಕಳಿಗೂ ಇಷ್ಟ. ನಾನೂ ಆಲೂಗಡ್ಡೆ ಬೆಳೆಯುವವಳೇ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಆ 350 ಗ್ರಾಂ ಲೆಕ್ಕಕ್ಕೆ ಆಲೂಗಡ್ಡೆ, ಗೆಣಸು ಬರುವುದಿಲ್ಲ. ಅವು ಪಿಷ್ಟ, ಅನ್ನದ ಜೊತೆ ಸೇರುವಂಥವು. ನಮ್ಮ ಶಾಲೆಯ ಸಾರಿನಲ್ಲಿ ಎಷ್ಟೋ ದಿನ ಆಲೂಗಡ್ಡೆ, ಈರುಳ್ಳಿ, ಟೊಮೆಟೊ ಮೂರೇ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತಲ್ಲ, ಆಗ ಹುಣಸೆಹುಳಿಯ ಮೇಲೇ ಸಾರು ನಡೆಯಿತು. ತರಕಾರಿ ಬೀಳಲಿಲ್ಲ ಎಂದು ಅಡುಗೆಯವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಯಾಕೆ ಹೀಗೆ ಎಂದು ಹೆಡ್ ಮೇಷ್ಟ್ರ ಜೊತೆ, ಅಡುಗೆಯವರ ಜೊತೆ ಕೂತು ಮಾತಾಡಿದ್ದೇನೆ. ಮೊದಲನೆಯದು ದುಡ್ಡು. 2025ರ ಮೇ ತಿಂಗಳಲ್ಲಿ ಏರಿಸಿದ ದರದಂತೆ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನದ ಸಾಮಗ್ರಿ ವೆಚ್ಚ 6 ರೂಪಾಯಿ 78 ಪೈಸೆ, ಆರರಿಂದ ಎಂಟನೇ ಕ್ಲಾಸಿನವರಿಗೆ 10 ರೂಪಾಯಿ 17 ಪೈಸೆ. ಅಕ್ಕಿ ಬೇರೆ ಬರುತ್ತದೆ, ನಿಜ. ಆದರೆ ಬೇಳೆ, ಎಣ್ಣೆ, ಸಾಂಬಾರ ಪುಡಿ, ಉಪ್ಪು, ಗ್ಯಾಸು, ತರಕಾರಿ ಎಲ್ಲಾ ಈ ದುಡ್ಡಿನ ಒಳಗೇ ಆಗಬೇಕು. ಇದರಲ್ಲಿ ಹಿಗ್ಗಿಸುವುದಕ್ಕೂ ಕುಗ್ಗಿಸುವುದಕ್ಕೂ ಆಗುವುದು ತರಕಾರಿ ಒಂದೇ. ಬೆಲೆ ಏರಿದಾಗಲೆಲ್ಲ ಕತ್ತರಿ ಬೀಳುವುದೂ ಅದಕ್ಕೇ.

ಎರಡನೆಯದು ಬಿಲ್ಲು. ಇದು ಹೊರಗಿನವರಿಗೆ ಸಣ್ಣ ವಿಷಯ ಅನ್ನಿಸಬಹುದು, ಆದರೆ ನನಗೆ ಎಲ್ಲಕ್ಕಿಂತ ಬೇಜಾರಾಗುವುದು ಇದೇ. ಶಾಲೆಯ ಬೇಲಿಗೆ ಹೊಂದಿಕೊಂಡ ಹೊಲದಲ್ಲಿ ದಂಟಿನ ಸೊಪ್ಪು ಮಂಡಿಯುದ್ದ ಬೆಳೆದು ನಿಂತಿರುತ್ತದೆ. ಕೊಂಡುಕೊಳ್ಳಲು ಮೇಷ್ಟ್ರಿಗೆ ಮನಸ್ಸಿದೆ, ಕೊಡಲು ರೈತನಿಗೂ ಮನಸ್ಸಿದೆ. ಆದರೆ ರೈತನ ಹತ್ತಿರ ಬಿಲ್ ಬುಕ್ ಎಲ್ಲಿಂದ ಬರಬೇಕು? ಆಡಿಟ್‌ನಲ್ಲಿ ಯಾಕೆ ತಲೆನೋವು ಎಂದು ಮೇಷ್ಟ್ರು ಪೇಟೆಯ ಅಂಗಡಿಯಿಂದ ವಾರಕ್ಕೊಮ್ಮೆ ಬಿಲ್ಲು ಹಾಕಿಸಿ ತರುತ್ತಾರೆ. ವಾರವಿಡೀ ಇರಬೇಕಾದ ತರಕಾರಿ ಅಂದರೆ ಯಾವುದು? ಆಲೂಗಡ್ಡೆ, ಈರುಳ್ಳಿ, ಬೀಟ್‌ರೂಟ್, ಎಲೆಕೋಸು. ಸೊಪ್ಪು ಎರಡನೇ ದಿನಕ್ಕೇ ಬಾಡುತ್ತದೆ, ಅದನ್ನು ಯಾರೂ ತರುವುದಿಲ್ಲ. ಬೆಳೆದವರ ಸಹಿ, ತೂಕ, ಆ ದಿನದ ಸಂತೆ ಬೆಲೆ ಬರೆದ ಒಂದು ಚೀಟಿಗೆ ಎಸ್‌ಡಿಎಂಸಿಯ ಇಬ್ಬರು ಸದಸ್ಯರು ಸಹಿ ಹಾಕಿದರೆ ಅದೇ ಸಾಕು, ಯಾವ ಆಡಿಟ್‌ನವರೂ ಅದನ್ನು ತಿರಸ್ಕರಿಸುವಂತಿಲ್ಲ ಎಂದು ತಾವೊಂದು ಸ್ಪಷ್ಟ ಆದೇಶ ಮಾಡಿ. ಇದಕ್ಕೆ ಖಜಾನೆಯಿಂದ ಒಂದು ರೂಪಾಯಿ ಖರ್ಚಿಲ್ಲ.

ಮೂರನೆಯದು ಅಡುಗೆಯವರ ಕೈಕೆಲಸ. ನೂರು ಮಕ್ಕಳಿಗೆ ಬಸ್ಸಾರು ಮಾಡಬೇಕಾದರೆ ಎಷ್ಟು ಕಟ್ಟು ಸೊಪ್ಪು ಬಿಡಿಸಬೇಕು, ಎಷ್ಟು ನೀರಿನಲ್ಲಿ ತೊಳೆಯಬೇಕು, ಲೆಕ್ಕ ಹಾಕಿ. ಬೆಳಗ್ಗೆ ಹಾಲು ಕಾಯಿಸಬೇಕು, ಮೊಟ್ಟೆ ಬೇಯಿಸಿ ಸುಲಿಯಬೇಕು, ಅನ್ನ ಇಳಿಸಬೇಕು, ಪಾತ್ರೆ ತಿಕ್ಕಬೇಕು. ಇಷ್ಟಕ್ಕೆ ಸಿಗುವುದು ಒಂದು ಸಣ್ಣ ಗೌರವಧನ. ಸೊಪ್ಪಿನ ಮಸ್ಸೊಪ್ಪು, ಹೆಸರುಬೇಳೆ ಕೋಸಂಬರಿ ಇವನ್ನೆಲ್ಲ ಆ ತಾಯಂದಿರಿಂದ ಬಯಸುವ ಮೊದಲು ಅವರ ಗೌರವಧನ ಏರಿಸಿ. ಸೊಪ್ಪು ಮಾಡುವ ದಿನ ಒಬ್ಬ ಸಹಾಯಕಿಯನ್ನು ಕರೆಯಲು ಅವಕಾಶ ಕೊಡಿ. ಬರಿಗೈಯಲ್ಲಿ ಮೆನು ಬದಲಾಯಿಸಿದರೆ ಅದು ಗೋಡೆ ಮೇಲಿನ ಬೋರ್ಡಿನಲ್ಲೇ ಉಳಿಯುತ್ತದೆ.

ಮಕ್ಕಳು ಸೊಪ್ಪು ತಿನ್ನುವುದಿಲ್ಲ, ಬಿಸಾಡುತ್ತಾರೆ ಎಂದು ಹೇಳುವವರಿದ್ದಾರೆ. ಮೊದಲ ದಿನ ಬಿಸಾಡುತ್ತಾರೆ, ನಿಜ. ಹೊಸ ರುಚಿಯೊಂದು ಮಗುವಿನ ನಾಲಿಗೆಗೆ ಹತ್ತಬೇಕಾದರೆ ಎಂಟು-ಹತ್ತು ಸಲವಾದರೂ ಅದನ್ನು ರುಚಿ ನೋಡಬೇಕು ಎಂದು ಮಕ್ಕಳ ಆಹಾರದ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಮನೆಯಲ್ಲಿ ಯಾವ ತಾಯಿಗೂ ಒಂದೇ ಪಲ್ಯವನ್ನು ಅಷ್ಟು ಸಲ ಮಾಡಿ ಸೋಲುವ ತಾಳ್ಮೆ ಇರುವುದಿಲ್ಲ. ಶಾಲೆಯಲ್ಲಿ ಹಾಗಲ್ಲ. ಪಕ್ಕದಲ್ಲಿ ಕೂತ ಗೆಳತಿ ತಿಂದರೆ ಇವಳೂ ತಿನ್ನುತ್ತಾಳೆ. ಮನೆಯಲ್ಲಿ ಮೆಂತ್ಯ ಸೊಪ್ಪು ಮುಟ್ಟದ ನನ್ನ ಮಗಳು ಶಾಲೆಯ ಮೆಂತ್ಯದ ಬಾತನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ.

ಇದು ಬರೀ ಹೃದಯದ ವಿಷಯವೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರಿಗೆ ರಕ್ತಹೀನತೆ ಇತ್ತು. ಹೆಂಗಸರಲ್ಲಿ ಅರ್ಧದ ಹತ್ತಿರ. ಅದಕ್ಕೆ ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತೀರಿ, ಒಳ್ಳೆಯದು. ಆದರೆ ರಾಗಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತಬೇಕಾದರೆ ಅದೇ ಊಟದಲ್ಲಿ ಸಿ ವಿಟಮಿನ್ ಇರಬೇಕು. ಅದು ಬೆಟ್ಟದ ನೆಲ್ಲಿಯಲ್ಲಿದೆ, ನಿಂಬೆಯಲ್ಲಿದೆ, ಸೀಬೆಹಣ್ಣಿನಲ್ಲಂತೂ ಕಿತ್ತಳೆಯ ನಾಲ್ಕು ಪಟ್ಟು ಇದೆ. ಸೀಬೆ ನಮ್ಮ ಹಿತ್ತಿಲಿನಲ್ಲಿ ಗಿಣಿ, ಅಳಿಲು ತಿಂದು ಉಳಿದದ್ದು ನೆಲಕ್ಕೆ ಬಿದ್ದು ಕೊಳೆಯುತ್ತದೆ. ಬಾಳೆಹಣ್ಣಿನ ಜೊತೆಗೆ ಆಯಾ ಕಾಲದ ಊರ ಹಣ್ಣನ್ನೂ ಕೊಡಬಹುದು ಎಂದು ನಿಯಮದಲ್ಲಿ ಸೇರಿಸಿ. ಮೊಟ್ಟೆ ತಿನ್ನುವ ಮಕ್ಕಳಿಗೂ ವಾರದಲ್ಲಿ ಒಂದೆರಡು ದಿನ ಹಣ್ಣು ಸಿಗಲಿ. ಈಗ ಅವರಿಗೆ ಶಾಲೆಯಲ್ಲಿ ಹಣ್ಣಿನ ಮುಖವೇ ಕಾಣುವುದಿಲ್ಲ.

ಕೈತೋಟದ ಬಗ್ಗೆ ಇಲಾಖೆಯ ಸುತ್ತೋಲೆಗಳು ಬರುತ್ತಲೇ ಇವೆ. ಜೂನ್‌ನಲ್ಲಿ ಮಕ್ಕಳು ಖುಷಿಯಿಂದ ಪಾತಿ ಮಾಡುತ್ತಾರೆ, ಬೀಜ ಹಾಕುತ್ತಾರೆ, ಮಳೆಗಾಲದಲ್ಲಿ ಬೆಂಡೆ, ಬದನೆ ಬರುತ್ತವೆ. ಬೇಸಿಗೆ ರಜೆಗೆ ನೀರು ಹಾಕುವವರಿಲ್ಲದೆ ಎಲ್ಲ ಒಣಗುತ್ತದೆ, ದನ ನುಗ್ಗುತ್ತವೆ. ಅದಕ್ಕೇ ನಮ್ಮ ಸಮಿತಿಯಲ್ಲಿ ನಾವು ಪಾತಿಗಿಂತ ಮರಕ್ಕೆ ಒತ್ತು ಕೊಡೋಣ ಅಂದುಕೊಂಡೆವು. ನುಗ್ಗೆ, ಕರಿಬೇವು, ನಿಂಬೆ, ಸೀಬೆ. ತಟ್ಟೆ ತೊಳೆಯುವ ನೀರು ಹರಿದುಹೋಗುವ ಕಡೆ ಪಪ್ಪಾಯ, ಬಾಳೆ. ಒಮ್ಮೆ ಬೇರು ಬಿಟ್ಟ ನುಗ್ಗೆ ರಜೆಯನ್ನೂ ತಡೆದುಕೊಳ್ಳುತ್ತದೆ, ಸೊಪ್ಪನ್ನೂ ಕಾಯನ್ನೂ ಕೊಡುತ್ತದೆ. ಒಳ್ಳೆಯ ಸಸಿಗಳನ್ನು ತೋಟಗಾರಿಕೆ ಇಲಾಖೆಯ ನರ್ಸರಿಗಳಿಂದ ಶಾಲೆಗಳಿಗೆ ನೇರವಾಗಿ ಕೊಡಿಸಿದರೆ, ಬೇಲಿಗೆ ಒಂದಿಷ್ಟು ದುಡ್ಡು ಕೊಟ್ಟರೆ, ಉಳಿದದ್ದನ್ನು ಊರಿನವರು ನೋಡಿಕೊಳ್ಳುತ್ತಾರೆ.

ಶಾಲೆಯ ಗೇಟಿನ ಹೊರಗಿನ ಮಾತೂ ಇದೆ. ಐದು ರೂಪಾಯಿಗೆ ಒಂದು ಕುರುಕಲು ಪೊಟ್ಟಣ, ಬಣ್ಣದ ಜ್ಯೂಸು. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ತಂದಿದೆ. ನಮ್ಮ ಕಡೆ ಆ ನಿಯಮದ ಹೆಸರು ಕೇಳಿದವರೇ ಇಲ್ಲ. ಆದರೆ ದಯವಿಟ್ಟು ಅಧಿಕಾರಿಗಳನ್ನು ಕಳಿಸಿ ಆ ಪೆಟ್ಟಿಗೆ ಅಂಗಡಿಯ ಅಜ್ಜಿಯನ್ನು ಎಬ್ಬಿಸಬೇಡಿ. ಆಕೆ ಹಿಂದೆ ಉಪ್ಪು-ಖಾರ ಹಚ್ಚಿದ ಸೀಬೆಕಾಯಿ, ಸೌತೆಕಾಯಿ, ನೆಲ್ಲಿಕಾಯಿ, ನೇರಳೆಹಣ್ಣು ಮಾರುತ್ತಿದ್ದವರೇ. ಪೊಟ್ಟಣವನ್ನು ಕಂಪನಿಯವರು ಬಾಗಿಲಿಗೆ ತಂದುಕೊಡುತ್ತಾರೆ, ಅದು ಕೊಳೆಯುವುದೂ ಇಲ್ಲ, ಅದಕ್ಕೇ ಹಣ್ಣು ಬಿಟ್ಟರು. ಗೇಟಿನ ಹತ್ತಿರ ಹಣ್ಣು ಮಾರುವವರಿಗೆ ಪಂಚಾಯಿತಿಯಿಂದ ನೆರಳಿನ ಜಾಗ, ಒಂದು ಗಾಜಿನ ಪೆಟ್ಟಿಗೆ, ಕುಡಿಯುವ ನೀರು ಕೊಡಿಸಿದರೆ ಅವರ ಜೀವನವೂ ನಡೆಯುತ್ತದೆ.

ಇನ್ನು ಆಟ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬಿಸಿಯಾಗುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆಯವರು ಜಗತ್ತಿನ ಹನ್ನೊಂದರಿಂದ ಹದಿನೇಳು ವರ್ಷದವರ ಲೆಕ್ಕ ತೆಗೆದಾಗ, 2016ರಲ್ಲಿ ಗಂಡುಮಕ್ಕಳಲ್ಲಿ ಶೇ. 78, ಹೆಣ್ಣುಮಕ್ಕಳಲ್ಲಿ ಶೇ. 85 ಮಂದಿಗೆ ಅಷ್ಟು ಚಟುವಟಿಕೆ ಇರಲಿಲ್ಲ. ಹಳ್ಳಿಯ ಮಕ್ಕಳು ಹೇಗೂ ಆಡುತ್ತಾರೆ ಬಿಡಿ ಎನ್ನುವ ಕಾಲ ಹೋಯಿತು. ಮನೆಗೆ ಬಂದರೆ ಕೈಗೆ ಮೊಬೈಲ್. ಬೀದಿಯಲ್ಲಿ ಬೈಕು, ಟ್ರ್ಯಾಕ್ಟರು. ಲಗೋರಿ, ಕುಂಟೆಬಿಲ್ಲೆ ಆಡಲು ಅಂಗಳವೂ ಉಳಿದಿಲ್ಲ, ಜೊತೆಗಾರರೂ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅವರ ಓಟ ನಿಂತೇ ಹೋಗುತ್ತದೆ. ದೊಡ್ಡವಳಾದಳು, ಬೀದಿಯಲ್ಲಿ ಆಡಬೇಡ ಎಂದು ಮನೆಯವರೇ ಹೇಳುತ್ತಾರೆ. ಸಂಜೆ ಅಣ್ಣ-ತಮ್ಮ ಬ್ಯಾಟು ಹಿಡಿದು ಹೋಗುತ್ತಾರೆ, ಇವಳು ಪಾತ್ರೆ ತೊಳೆಯುತ್ತಾಳೆ. ಹಾಗಾಗಿ ಇವಳಿಗೆ ಓಡಲು ಉಳಿದಿರುವ ಜಾಗ ಶಾಲೆಯ ಮೈದಾನ ಒಂದೇ. ಅಲ್ಲಿ ಕೊಕ್ಕೊ ಆಡುವಾಗ ಆ ಹುಡುಗಿಯರ ಮುಖ ನೋಡಬೇಕು ತಾವು. ಆ ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ತೆಗೆದುಕೊಂಡಾಗ ಗಂಡುಮಕ್ಕಳಿಗೆ ಒಂದು ಪೀರಿಯಡ್ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಆ ದಿನದ ಆಟವೇ ಹೋಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಶಾಲೆಗೆ ಮೈದಾನ, ಆಟದ ಸಾಮಾನು ಇರಲೇಬೇಕು ಎಂದಿದೆ. ಇರುವ ಮೈದಾನಗಳಲ್ಲಿ ಮದುವೆ ಶಾಮಿಯಾನ ಏಳುತ್ತದೆ, ಸುಗ್ಗಿಯಲ್ಲಿ ರಾಗಿ ಒಣಗುತ್ತದೆ. ಪಿಟಿ ಮೇಷ್ಟ್ರು ಎಷ್ಟೋ ಶಾಲೆಗಳಲ್ಲಿ ಇಲ್ಲ, ಚಿಕ್ಕ ಶಾಲೆಗಳಿಗಂತೂ ಹುದ್ದೆಯೇ ಇಲ್ಲ. ಹುದ್ದೆ ತುಂಬುವುದಕ್ಕೆ ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹದಿನೈದು ನಿಮಿಷ ಮತ್ತು ದಿನದ ಕೊನೆಯ ಪೀರಿಯಡ್ ಪೂರ್ತಿ ಆಟಕ್ಕೆ, ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಸೇರಿಸಿ, ಎಂದು ನಿಗದಿ ಮಾಡಿ. ಬೇರೆ ಯಾವ ಪಾಠಕ್ಕೂ ಅದನ್ನು ತೆಗೆದುಕೊಳ್ಳಬಾರದು ಎಂದು ಬರೆಯಿರಿ. ಹಗ್ಗದಾಟಕ್ಕೆ, ಕಬಡ್ಡಿಗೆ ದೊಡ್ಡ ಸಾಮಾನು ಬೇಕಿಲ್ಲ. ಯಾವ ಟೀಚರಾದರೂ ನಿಂತು ಆಡಿಸಬಹುದು. ಶಾಲೆ ಬಿಟ್ಟ ಮೇಲೆ ಮೈದಾನದ ಗೇಟಿಗೆ ಬೀಗ ಹಾಕುವ ಬದಲು ಸಂಜೆ ಒಂದು ಹೊತ್ತು ಊರಿನ ಹೆಂಗಸರಿಗೆ ನಡೆಯಲು ಬಿಟ್ಟುಕೊಡಿ. ತಾಯಿ ನಡೆಯುತ್ತಿದ್ದರೆ ಮಗಳು ಧೈರ್ಯವಾಗಿ ಆಡುತ್ತಾಳೆ.

ಸೈಕಲ್ ಒಂದನ್ನು ಮರೆಯಬೇಡಿ. 2006ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ದೂರದ ಹೈಸ್ಕೂಲಿಗೆ ಹೋಗಲಿ ಎಂಬ ಉದ್ದೇಶ ಇತ್ತು. ಅದರ ಜೊತೆಗೆ ಸಾವಿರಾರು ಹುಡುಗಿಯರಿಗೆ ದಿನಾ ಹೋಗುತ್ತಾ ಬರುತ್ತಾ ವ್ಯಾಯಾಮವೂ ಆಗುತ್ತಿತ್ತು. ಯಾರೂ ಅವರಿಗೆ ಅದನ್ನು ವ್ಯಾಯಾಮ ಎಂದು ಹೇಳಿಕೊಡಬೇಕಾಗಿರಲಿಲ್ಲ. ಕೋವಿಡ್ ಬಂದ ಮೇಲೆ ಸೈಕಲ್ ನಿಂತಿತು. ಅದನ್ನು ಮತ್ತೆ ಕೊಡಿ.

ನಮ್ಮ ಕಡೆಯಿಂದ ಏನು ಮಾಡುತ್ತೇವೆ ಎಂಬುದನ್ನೂ ಹೇಳಬೇಕು, ಬರೀ ಕೇಳುವುದು ಸರಿಯಲ್ಲ. ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ಚಾಕಲೇಟ್ ಹಂಚುವುದನ್ನು ನಿಲ್ಲಿಸಿ ಹಣ್ಣು ಹಂಚೋಣ ಎಂದು ತಾಯಂದಿರ ಸಭೆಯಲ್ಲಿ ಮಾತಾಗಿದೆ. ಕೆಲವರು ಬಾಳೆಗೊನೆಯನ್ನೇ ತಂದರು. ಊರಿನವರು ವಿಶೇಷ ದಿನಗಳಲ್ಲಿ ಮಕ್ಕಳಿಗೆ ಊಟ ಕೊಡಲು ಕೇಂದ್ರದ ಬಿಸಿಯೂಟ ಯೋಜನೆಯಲ್ಲೇ ತಿಥಿ ಭೋಜನ ಎಂಬ ಅವಕಾಶ ಇದೆ. ಅಂಥ ದಿನ ಪಾಯಸದ ಜೊತೆ ಒಂದು ಪಲ್ಯ, ಒಂದು ಕೋಸಂಬರಿ ಇರಲಿ ಎಂದು ಕೇಳಿಕೊಳ್ಳುತ್ತಿದ್ದೇವೆ. ಸೊಪ್ಪು ಬಿಡಿಸುವ ದಿನ ಸ್ತ್ರೀಶಕ್ತಿ ಸಂಘದವರು ಸರದಿಯಂತೆ ಬಂದು ಕೂರಲು ಒಪ್ಪಿದ್ದಾರೆ. ಸೊಪ್ಪು ಬೆಳೆಯುವವರ ಪಟ್ಟಿಯೂ ತಯಾರಿದೆ.

ದುಡ್ಡು ಏರಿಸುವುದಕ್ಕೆ ಬಜೆಟ್ ಬೇಕು, ಹುದ್ದೆ ತುಂಬುವುದಕ್ಕೆ ಸಮಯ ಬೇಕು, ಅದು ನಮಗೂ ಗೊತ್ತು. ರೈತರ ಚೀಟಿಗೆ ಮಾನ್ಯತೆ ಕೊಡುವ ಆದೇಶ ಮತ್ತು ಆಟದ ಪೀರಿಯಡ್ಡಿನ ಆದೇಶ, ಇವೆರಡಕ್ಕೆ ತಮ್ಮ ಸಹಿ ಸಾಕು. ಬರುವ ಸಾಲಿನ ಶಾಲೆ ಶುರುವಾಗುವ ಮುಂಚೆ ಇವೆರಡನ್ನು ಮಾಡಿಕೊಡಿ. ಮುಂಗಾರಿಗೆ ಸೊಪ್ಪು ಬಿತ್ತುವವರು ಶಾಲೆಗೆ ಬೇಕಾಗುವುದನ್ನೂ ಲೆಕ್ಕ ಹಾಕಿ ಬಿತ್ತಬೇಕಲ್ಲ, ಅವರು ನನ್ನನ್ನು ಈಗಲೇ ಕೇಳುತ್ತಿದ್ದಾರೆ. ತಮ್ಮ ಉತ್ತರ ಬಂದ ದಿನ ಅವರಿಗೆ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ, ಎಸ್‌ಡಿಎಂಸಿ ಸದಸ್ಯೆ
ಹಾಸನ ಜಿಲ್ಲೆ